ಒಂಬತ್ತು ಗಂಟೆಯ ಹತ್ತು ಸಾಲು

ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಶತ್ರುವಿನ ಜೊತೆ ಮಾತಾಡುವುದು ಹನ್ನೆರಡಕ್ಕನ ಕೆಲಸವಾಗಿತ್ತು. ಅದಕ್ಕಾಗಿ ಅವಳನ್ನು ಯಾರೂ ಹಿಡಿದು ಒಳಗೆ ಹಾಕಲಿಲ್ಲ. ಸರ್ಕಾರವೇ ಅವಳನ್ನು ಆ ಕುರ್ಚಿಯ ಮೇಲೆ ಕೂರಿಸಿತ್ತು.

ಟೆಲಿಫೋನ್ ಎಕ್ಸ್‌ಚೇಂಜಿನ ಮಹಡಿಯ ಉದ್ದನೆಯ ಕೋಣೆಯಲ್ಲಿ ಕರೆಗಳನ್ನು ಪ್ಲಗ್ಗಿನಿಂದ ಜೋಡಿಸುವ ಹನ್ನೆರಡು ಬೋರ್ಡುಗಳಿದ್ದವು. ಒಂದೊಂದರ ಮುಂದೆ ಎತ್ತರದ ಒಂದು ಕುರ್ಚಿ, ಕುರ್ಚಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಹೆಂಗಸು. ಕೆಲಸದ ಹೊತ್ತಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವಂತಿರಲಿಲ್ಲ, ಬೋರ್ಡಿನ ನಂಬರೇ ಹೆಸರು. ಕೊನೆಯ ಬೋರ್ಡಿನವಳು ಸಾಲಿನಲ್ಲಿ ಎಲ್ಲರಿಗಿಂತ ಹಳಬಳು. ಹೊಸದಾಗಿ ಬಂದ ಹುಡುಗಿಯರಿಗೆ ಅವಳನ್ನು ಬರೀ ಹನ್ನೆರಡು ಅನ್ನಲು ನಾಲಿಗೆ ಏಳದೆ ನಂಬರಿನ ಬಾಲಕ್ಕೊಬ್ಬ ಅಕ್ಕನನ್ನು ಕಟ್ಟಿದರು. ಹಾಗೆ ಅವಳು ಹನ್ನೆರಡಕ್ಕನಾದಳು. ಆಗ ಅವಳಿಗೆ ಮೂವತ್ತೊಂದು ವರ್ಷ.

ಹೊಳೆಯಾಚೆಯ ಊರಿಗೆ ಹೋಗುವ ಟ್ರಂಕ್ ಲೈನು ಅವಳ ಬೋರ್ಡಿನಲ್ಲಿತ್ತು. ಆ ಲೈನನ್ನು ದಿನಾ ಬೆಳಗ್ಗೆ ಪರೀಕ್ಷಿಸಬೇಕು. ಒಂದು ಕಡೆಯವರು ಹತ್ತು ಸಾಲು ಓದುವುದು, ಇನ್ನೊಂದು ಕಡೆಯವರು ಒಂದೊಂದು ಸಾಲನ್ನೂ ಹಾಗೆಯೇ ತಿರುಗಿ ಹೇಳುವುದು, ಆಮೇಲೆ ಅದಲುಬದಲು. ಮೂರು ಸಲ ಓದಿದರೂ ಸಾಲು ತಿರುಗಿ ಬರದಿದ್ದರೆ ಲೈನು ಕೆಟ್ಟಿದೆ ಎಂದು ಬರೆದು ಪ್ಲಗ್ಗು ಕಿತ್ತುಬಿಡಬೇಕು. ಏನನ್ನು ಬೇಕಾದರೂ ಓದಬಹುದು, ಆದರೆ ಅದರಲ್ಲಿ ಮನುಷ್ಯರ ಹೆಸರೂ ಇರಬಾರದು, ಊರಿನ ಹೆಸರೂ ಇರಬಾರದು. ಗೊತ್ತಿರುವ ಹೆಸರಾದರೆ ಕಿವಿ ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ತಾನೇ ಕಟ್ಟಿಕೊಳ್ಳುತ್ತದೆ. ಗೊತ್ತಿಲ್ಲದ ಮಾತು ಮಾತ್ರ ಲೈನಿನ ಯೋಗ್ಯತೆಯನ್ನು ಹೇಳುತ್ತದೆ. ನಿಯಮದ ಪುಸ್ತಕದಲ್ಲಿ ಹಾಗೆಂದು ಬರೆದಿತ್ತು.

ಹೀಗೆ ಎಂಟು ವರ್ಷ ಅವಳು ಹೊಳೆಯಾಚೆಯವಳಿಗೆ ಸೋಪಿನ ಹೊದಿಕೆಯನ್ನೂ ಕೆಮ್ಮಿನ ಔಷಧಿಯ ಬಾಟಲಿಯನ್ನೂ ಸ್ವೆಟರ್ ಹೆಣೆಯುವ ಲೆಕ್ಕವನ್ನೂ ಓದಿದ್ದಳು, ಆಚೆಯಿಂದ ಅಂಥದ್ದನ್ನೇ ಕೇಳಿಸಿಕೊಂಡಿದ್ದಳು. ಆಚೆಯವಳ ನಂಬರು ನಲವತ್ತೊಂದು. ಮುಖ ನೋಡಿದವಳಲ್ಲ. ಆದರೆ ನೆಗಡಿ ಬಂದ ದಿನ ಯಾವುದು, ಮನೆಯಲ್ಲಿ ಜಗಳವಾಡಿ ಬಂದ ದಿನ ಯಾವುದು, ಹಲ್ಲು ಕೀಳಿಸಿಕೊಂಡ ವಾರ ಯಾವುದು, ಎಲ್ಲ ಗೊತ್ತಿತ್ತು. ಹತ್ತು ಸಾಲಿನಾಚೆ ಒಂದು ಮಾತೂ ಆಡಿದವರಲ್ಲ. ಆಡುವುದು ಹೇಗೆ? ಬೆನ್ನ ಹಿಂದೆ ದೊಡ್ಡಮ್ಮ ಇರುತ್ತಿದ್ದರು.

ದೊಡ್ಡಮ್ಮ ಅಂದರೆ ಸೂಪರ್‌ವೈಸರ್. ಯಾರಿಗೂ ದೊಡ್ಡಮ್ಮನಲ್ಲ, ಎಲ್ಲರಿಗೂ ದೊಡ್ಡಮ್ಮ. ನಿಯಮದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಕುರ್ಚಿಗಳ ಹಿಂದೆ ಓಡಾಡುತ್ತಿದ್ದರು. ಆ ಪುಸ್ತಕವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾರೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ಯಾರಾದರೂ ಬೋರ್ಡಿನ ಮುಂದೆ ಆಕಳಿಸಿದರೆ ಆಕಳಿಕೆಯ ಬಗ್ಗೆ ಎಷ್ಟನೇ ಪುಟದಲ್ಲಿದೆ ಎಂದು ಹೇಳಬಲ್ಲವರು.

ಹೊಳೆಯಾಚೆಯವರೊಡನೆ ಯುದ್ಧ ಶುರುವಾಗಿ ಸೇತುವೆ ಮುಚ್ಚಿದ ದಿನ ಮೇಲಿನಿಂದ ಒಂದು ಆದೇಶ ಬಂತು. ಹೊಳೆಯಾಚೆಗೆ ಚಂದಾದಾರರ ಯಾವ ಕರೆಯನ್ನೂ ಕೊಡತಕ್ಕದ್ದಲ್ಲ. ಹುಡುಗಿಯರು ಹನ್ನೆರಡಕ್ಕನ ಮುಖ ನೋಡಿದರು. ಅವಳು ಹೆಡ್‌ಫೋನ್ ತೆಗೆದು ಸುತ್ತಿಡಲು ಕೈ ಹಾಕಿದ್ದಳು. ದೊಡ್ಡಮ್ಮ ಆದೇಶವನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, ಮೂರನೇ ಸಲ ಓದಿದರು.

"ಚಂದಾದಾರರ ಕರೆ ಅಂತ ಬರೆದಿದ್ದಾರೆ. ಟೆಸ್ಟು ಯಾವ ಚಂದಾದಾರರದ್ದು? ಒಂಬತ್ತಾಗ್ತಾ ಬಂತು, ಕೂತ್ಕೋ."

ಅವಳು ಕೂತಳು. ಪ್ಲಗ್ಗು ಸಿಕ್ಕಿಸಿದಳು. ಆಚೆ ದಡದಲ್ಲಿ ಫಿರಂಗಿಗಳನ್ನು ನಿಲ್ಲಿಸುತ್ತಿದ್ದಾರೆ ಎಂದು ಬೆಳಗ್ಗೆಯಷ್ಟೇ ರೇಡಿಯೋ ಹೇಳಿತ್ತು. ಅದೇ ದಡದಿಂದ ನಲವತ್ತೊಂದು, ಸ್ವಲ್ಪ ನಡುಗುವ ದನಿಯಲ್ಲಿ, ಬಟ್ಟೆಗೆ ನೀಲಿ ಹಾಕುವ ವಿಧಾನವನ್ನು ಓದಿದಳು. ಅಲ್ಲೂ ಒಬ್ಬರು ದೊಡ್ಡಮ್ಮ ಇರಬೇಕು ಎಂದು ಹನ್ನೆರಡಕ್ಕನಿಗೆ ಅನ್ನಿಸಿತು.

ಎರಡನೇ ವಾರ ಅವಳ ತಮ್ಮನನ್ನು ಸೇನೆಗೆ ಕರೆದೊಯ್ದರು. ಇಪ್ಪತ್ನಾಲ್ಕು ವರ್ಷದವನು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಮೊದಲು ಮೂರು ಕಾಗದ ಬಂದವು. ಐದನೇ ವಾರದಿಂದ ಅದೂ ನಿಂತಿತು. ಆಮೇಲೆ ಕಚೇರಿಯಿಂದ ಬಂದ ಹಳದಿ ಕಾರ್ಡಿನಲ್ಲಿ ಪತ್ತೆಯಿಲ್ಲ ಎಂಬ ಒಂದೇ ಮಾತು ಅಚ್ಚಾಗಿತ್ತು. ಅಮ್ಮ ಆ ಕಾರ್ಡನ್ನು ಓದಲಿಲ್ಲ. ಅವರ ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿಕೊಂಡಿದ್ದರು, ಬಗ್ಗಿದರೆ ಬೀಳುತ್ತಿತ್ತು. ಬೇರೆ ಅಂಗಡಿಯಲ್ಲಿ ಸರಿ ಮಾಡಿಸಿ ತರುತ್ತೇನೆಂದರೆ ಬೇಡ, ಅವನೇ ಬಂದು ಮಾಡಲಿ ಎಂದರು. ಅದರ ಮೇಲೆ ಆ ಮನೆಯಲ್ಲಿ ಯಾರೂ ಕನ್ನಡಕದ ಮಾತೆತ್ತಲಿಲ್ಲ.

ಎಕ್ಸ್‌ಚೇಂಜಿನ ಎದುರುಗಡೆಯ ಕಚೇರಿಯಲ್ಲಿ ಕಾಣೆಯಾದವರನ್ನು ವಿಚಾರಿಸುವ ಕಿಟಕಿಯೊಂದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ತೆರೆದರೆ ಒಂದು ಗಂಟೆಗೆ ಮುಚ್ಚುತ್ತಿತ್ತು. ಹೆಂಗಸರು ಹತ್ತು ಗಂಟೆಯಿಂದಲೇ ಸಾಲು ನಿಲ್ಲುತ್ತಿದ್ದರು. ಹನ್ನೆರಡಕ್ಕ ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡೇ ಅವರ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಕಿಟಕಿಯ ಗುಮಾಸ್ತ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ. ಆಚೆ ಕಡೆಯವರು ಯಾರನ್ನೂ ಸೆರೆ ಹಿಡಿದಿಲ್ಲ, ಹಿಡಿದಿದ್ದರೆ ನಮಗೆ ತಿಳಿಯುತ್ತಿತ್ತು, ತಿಳಿದಿಲ್ಲ ಅಂದರೆ ಹಿಡಿದಿಲ್ಲ. ಸಾಲಿನಲ್ಲಿದ್ದ ಲಾಂಡ್ರಿಯಾಕೆ ಒಂದು ದಿನ ಅವನಿಗೆ, "ನಿಮ್ಮಮ್ಮ ನಿನ್ನ ಹಡೆದಿದ್ದೂ ನಿಂಗೆ ತಿಳಿದಿರಲಿಲ್ಲ ಕಣಪ್ಪಾ, ಹಂಗಂತ ನೀನು ಹುಟ್ಟಿಲ್ವಾ?" ಅಂದಳು. ಕಿಟಕಿ ಆ ದಿನ ಹತ್ತು ನಿಮಿಷ ಮುಂಚೆಯೇ ಮುಚ್ಚಿತು.

ಹೀಗಿರುವಾಗ ಒಂದು ಬೆಳಗ್ಗೆ ನಲವತ್ತೊಂದು ಎಂದಿನ ದನಿಯಲ್ಲೇ ಶುರುಮಾಡಿದಳು.

"ಒಂದು. ಬಡಗಿ. ವಯಸ್ಸು ಮೂವತ್ತು. ಬಲಗೈಯ ಕಿರುಬೆರಳಿಲ್ಲ. ಜ್ವರ ಇಳಿದಿದೆ."

ಹನ್ನೆರಡಕ್ಕ ರೂಢಿಯಂತೆ ತಿರುಗಿ ಹೇಳಿದಳು. ಜ್ವರ ಇಳಿದಿದೆ ಅನ್ನುವಷ್ಟರಲ್ಲಿ ಅವಳ ಬೆನ್ನು ನೆಟ್ಟಗಾಗಿತ್ತು. ಎರಡು, ಲಾರಿ ಡ್ರೈವರು, ಎಡಗಣ್ಣಿಗೆ ಪಟ್ಟಿ. ಮೂರು, ಶಾಲಾ ಮೇಷ್ಟ್ರು, ಕೆಮ್ಮು ಹೆಚ್ಚು, ನಿದ್ದೆ ಮಾಡುತ್ತಾನೆ. ಹೀಗೆ ಹತ್ತು. ಹೆಸರಿಲ್ಲ, ಊರಿಲ್ಲ, ನಿಯಮ ಕೂದಲೆಳೆಯಷ್ಟೂ ಮುರಿದಿಲ್ಲ. ಎಲ್ಲಿಂದ ತಂದಳು? ಆಚೆಯ ಆಸ್ಪತ್ರೆಯ ನರ್ಸೊಬ್ಬಳು ನಲವತ್ತೊಂದಕ್ಕೆ ನಾದಿನಿಯಾಗಬೇಕು ಎಂಬುದು ತಿಳಿದದ್ದು ಬಹಳ ಕಾಲದ ಮೇಲೆ. ಆ ಬೆಳಗ್ಗೆ ಗೊತ್ತಾದದ್ದು ಇಷ್ಟೇ. ಆಚೆ ಸೆರೆಯಾಳುಗಳಿದ್ದಾರೆ, ಬದುಕಿದ್ದಾರೆ, ಒಬ್ಬಳು ಕೂತು ಅವರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದಾಳೆ.

ತನ್ನ ಸರದಿ ಬಂದಾಗ ಹನ್ನೆರಡಕ್ಕನ ಕೈಯಲ್ಲಿದ್ದದ್ದು ಸೋಪಿನ ಹೊದಿಕೆ. ಬೇರೇನೂ ಇಲ್ಲದೆ ಅದನ್ನೇ ಓದಿದಳು. ಬಿಸಿಲು ತಾಗದಂತೆ ಒಣಗಿದ ಜಾಗದಲ್ಲಿಡಿ ಎಂಬ ಸಾಲನ್ನು ನಲವತ್ತೊಂದು ಒಂದಕ್ಷರ ಬಿಡದೆ ತಿರುಗಿ ಹೇಳಿದಾಗ ಹನ್ನೆರಡಕ್ಕನಿಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

ಮಧ್ಯಾಹ್ನ ಸಾಲಿನಲ್ಲಿ ಬಡಗಿಯ ಹೆಂಡತಿಯನ್ನು ಹುಡುಕಿ ಕಿವಿಯಲ್ಲಿ ಹೇಳಿದಳು. ಅವಳು ಅಳಲಿಲ್ಲ. "ಯಾವ ಕೈ?" ಅಂದಳು. ಬಲಗೈ. "ಬಲಗೈ ಅಂದ್ರೆ ನಮ್ಮೋರೇ. ಮದುವೆಗೆ ಮುಂಚೇನೇ ಗರಗಸಕ್ಕೆ ಕೊಟ್ಟು ಬಂದಿದ್ರು," ಎಂದು ಅಲ್ಲೇ ಫುಟ್‌ಪಾತಿನ ಮೇಲೆ ಕುಸಿದು ಕೂತಳು. ಯಾರು ಹೇಳಿದರು ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವತ್ತಿನಿಂದ ಆ ಸಾಲಿನ ನಿಯಮವೇ ಅದಾಯಿತು. ಏನು ಎಂದು ಕೇಳಬಹುದು, ಯಾರು ಎಂದು ಕೇಳುವಂತಿಲ್ಲ. ಲಾರಿ ಡ್ರೈವರನ ತಾಯಿ ಮೂರನೇ ದಿನ ಸಿಕ್ಕಿದಳು. ಮೇಷ್ಟ್ರ ತಂಗಿ ಒಂದು ವಾರದ ಮೇಲೆ.

ಹನ್ನೆರಡಕ್ಕನಿಗೆ ಎರಡು ಸಂಕಟ. ದಿನವೂ ಆ ಹತ್ತು ಸಾಲಿನಲ್ಲಿ ತಮ್ಮನಿದ್ದಾನೆಯೇ ಎಂದು ಜೀವವನ್ನು ಕಿವಿಗೆ ತಂದುಕೊಂಡು ಕೇಳುವುದು ಒಂದು. ಇನ್ನೊಂದು, ತಿರುಗಿ ಕೊಡಲು ತನ್ನ ಬಳಿ ಏನೂ ಇಲ್ಲದ್ದು. ಈಚೆ ಊರಿನಲ್ಲೂ ಆಚೆಯ ಸೆರೆಯಾಳುಗಳಿದ್ದರು, ಹಳೆಯ ಗೋದಾಮಿನಲ್ಲಿ. ಅಲ್ಲಿಗೆ ನೊಣ ಕೂಡ ಚೀಟಿಯಿಲ್ಲದೆ ಹೋಗುವಂತಿರಲಿಲ್ಲ. ಆದರೆ ಅವರ ಬಟ್ಟೆಗಳು ಹೊರಗೆ ಬರುತ್ತಿದ್ದವು. ವಾರಕ್ಕೆರಡು ಸಲ, ಗಾಡಿಯಲ್ಲಿ, ಲಾಂಡ್ರಿಯಾಕೆಯ ಮನೆಗೆ.

ಲಾಂಡ್ರಿಯಾಕೆಯ ಮಗನೂ ಕಾಣೆಯಾದವನೇ. ಹತ್ತೊಂಬತ್ತು ವರ್ಷದ ಒಬ್ಬನೇ ಮಗ. ಅವಳ ಬಳಿ ಹೋಗಿ ಆಚೆಯವರ ಮಕ್ಕಳ ಸುದ್ದಿ ಕೊಡು ಎಂದು ಕೇಳುವುದಕ್ಕೆ ಹನ್ನೆರಡಕ್ಕನಿಗೆ ನಾಲ್ಕು ದಿನ ಬೇಕಾಯಿತು. ಬಾಯ್ಲರಿನ ಹಬೆಯಲ್ಲಿ ನಿಂತು ತೊದಲುತ್ತ ಹೇಳಿದಳು. ಲಾಂಡ್ರಿಯಾಕೆ ಕೋಲಿನಿಂದ ಬಟ್ಟೆ ತಿರುವುತ್ತಲೇ ಕೇಳಿದಳು.

"ನಮ್ಮೋನು ಸಿಕ್ಕಿದ್ನಾ ಆ ಲಿಸ್ಟಲ್ಲಿ?"

"ಇಲ್ಲ."

"ನಿಮ್ಮೋನು?"

"ಅವನೂ ಇಲ್ಲ."

ಲಾಂಡ್ರಿಯಾಕೆ ಕೋಲನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಒಗೆಯದ ಬಟ್ಟೆಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಹೆಸರು ಬೇಡ ಅಂದೆ ಅಲ್ವಾ? ಒಳ್ಳೇದೇ ಆಯ್ತು, ನಂಗೆ ಓದೋಕೂ ಬರಲ್ಲ. ಬರ್ಕೋ."

ಒಂದು ಅಂಗಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಎಡತೋಳಿನ ತುದಿ ಸವೆದಿದೆ, ಅಂಚಿನಲ್ಲಿ ಶಾಯಿ. ಎಡಗೈಯಲ್ಲಿ ಬರೆಯುವ ಗುಮಾಸ್ತ. ಇನ್ನೊಂದರ ಕಾಲರಿನ ಒಳಗೆ ಎರಡು ಗುಂಡುಸೂಜಿ. ದರ್ಜಿ, ಬಿಡು, ಸೆರೆಮನೆಗೂ ಸೂಜಿ ಹೊತ್ತುಕೊಂಡು ಹೋಗಿದ್ದಾನೆ. ಮತ್ತೊಂದರ ಬಗಲಲ್ಲಿ ರಕ್ತದ ಕಲೆ ಕಳೆದ ಸಲ ಅಂಗೈಯಗಲ ಇತ್ತು, ಈಗ ಗುಂಡಿಯಷ್ಟಾಗಿದೆ. ಗಾಯ ಮಾಯುತ್ತಿದೆ ಅಂತ ಬರೆದುಕೋ. ಈ ಪೈಜಾಮದವನು ಸಣ್ಣವನು, ತನ್ನ ಬಟ್ಟೆಯನ್ನು ತಾನೇ ಮಡಚಿ ಕೊಡುತ್ತಾನೆ. ಅವರಮ್ಮನಿಗೆ ಇಷ್ಟು ಹೇಳಿದರೆ ಸಾಕು. ಹನ್ನೆರಡಕ್ಕ ಬರೆದುಕೊಂಡಳು. ಬೀದಿಗೆ ಬಂದ ಮೇಲೆ ಕಣ್ಣು ಉರಿಯತೊಡಗಿತು. ಹಬೆಯಿಂದ ಎಂದುಕೊಂಡಳು.

ಮರುದಿನ ಅವಳು ಎಡಗೈ ಗುಮಾಸ್ತನನ್ನು ಓದಿದಾಗ ಆಚೆಯಿಂದ ಸಾಲು ತಿರುಗಿ ಬರಲು ಮೂರು ಉಸಿರಿನಷ್ಟು ತಡವಾಯಿತು. ಬಂದಾಗ ಒಂದಕ್ಷರವೂ ತಪ್ಪಿರಲಿಲ್ಲ.

ಬಡಗಿಯ ಹೆಂಡತಿಯೇ ಮೊದಲು ಎದೆಯ ಮೇಲೆ ಚೀಟಿ ಚುಚ್ಚಿಕೊಂಡು ಬಂದವಳು. ಕಿರುಬೆರಳಿಲ್ಲದ ಬಡಗಿ ಬದುಕಿದ್ದಾನೆ, ಕರೆತನ್ನಿ. ಕಿಟಕಿಯ ಗುಮಾಸ್ತ ಅದನ್ನು ಓದಿ, ಹಿಡಿದೇ ಇಲ್ಲ ಎಂಬ ತನ್ನ ಪಾಠವನ್ನು ಒಪ್ಪಿಸಿದ. ಅವಳು ಕಿಟಕಿಯಿಂದ ಕದಲಲಿಲ್ಲ. ಅವಳ ಹಿಂದಿನವಳೂ ಕದಲಲಿಲ್ಲ. ಒಂದು ಗಂಟೆಗೆ ಕಿಟಕಿ ಮುಚ್ಚಿದರೂ ಸಾಲು ಹಾಗೆಯೇ ಇತ್ತು. ವಾರ ಕಳೆಯುವಷ್ಟರಲ್ಲಿ ಚೀಟಿಗಳು ನಲವತ್ತಾದವು, ತಿಂಗಳಿಗೆ ನೂರು ದಾಟಿದವು. ಕೂಗುವುದಿಲ್ಲ, ಕಲ್ಲೆಸೆಯುವುದಿಲ್ಲ, ಚೀಟಿ ಚುಚ್ಚಿಕೊಂಡು ನಿಲ್ಲುವುದಷ್ಟೇ. ಪೊಲೀಸರು ಬಂದು ಯಾವ ಕಾನೂನು ಮುರಿದಿದ್ದಾರೆಂದು ಹುಡುಕಿ ಹುಡುಕಿ ಸಾಕಾಗಿ ಹೋದರು. ದೇಶದ್ರೋಹಿಗಳು ಎಂದು ಪತ್ರಿಕೆಯೊಂದು ಬರೆಯಿತು. ಲಾಂಡ್ರಿಯಾಕೆ ಆ ಪತ್ರಿಕೆಯನ್ನು ಇಸ್ತ್ರಿ ಮಾಡಿದ ಬಟ್ಟೆ ಕಟ್ಟಲು ಬಳಸಿದಳು. ಅವಳ ಎದೆಯ ಮೇಲಿನ ಚೀಟಿ ಖಾಲಿ. ಯಾಕೆಂದು ಕೇಳಿದರೆ, ಬರೆಯೋ ಸುದ್ದಿ ಬಂದಾಗ ಬರೆಸುತ್ತೇನೆ, ಜಾಗ ಹಿಡಿದಿಟ್ಟಿದ್ದೇನೆ ಎನ್ನುತ್ತಿದ್ದಳು. ಒಂದು ಬೆಳಗ್ಗೆ ನಲವತ್ತೊಂದರ ಹತ್ತನೇ ಸಾಲು ಹೀಗಿತ್ತು: "ಹತ್ತು. ಇಲ್ಲಿಯ ಕಚೇರಿಯ ಮುಂದೆ ಹೆಂಗಸರು. ಎಪ್ಪತ್ತು ಜನ. ನಿಂತಿದ್ದಾರೆ." ಹನ್ನೆರಡಕ್ಕ ತಿರುಗಿ ಹೇಳಿ, ತನ್ನ ಸರದಿಯಲ್ಲಿ, ಇಲ್ಲಿ ನೂರ ಹನ್ನೆರಡು ಎಂದು ಓದಿದಳು.

ಯುದ್ಧದ ಮೊದಲ ವಾರದಲ್ಲೇ ಎಕ್ಸ್‌ಚೇಂಜಿನ ಮೂಲೆಯಲ್ಲಿ ಒಬ್ಬ ಅಧಿಕಾರಿಯನ್ನು ತಂದು ಕೂರಿಸಿದ್ದರು. ಆ ಲೈನು ಈ ಲೈನು ಎನ್ನದೆ ಎಲ್ಲವನ್ನೂ ಕದ್ದು ಕೇಳುವುದು ಅವನ ಕೆಲಸ. ಹುಡುಗಿಯರು ಅವನಿಗೆ ಕಿವಿಯಪ್ಪ ಎಂದು ಹೆಸರಿಟ್ಟರು. ಟೆಸ್ಟ್ ಲೈನಿನಲ್ಲಿ ಸೋಪು, ಔಷಧಿ ಎಂದು ಮೊದಲ ದಿನವೇ ತಿಳಿದುಕೊಂಡು ಆ ಕಡೆ ಕಿವಿ ಹಾಕುವುದನ್ನೇ ಬಿಟ್ಟಿದ್ದ.

ಅವನ ಕಿವಿ ಮತ್ತೆ ನಿಮಿರುವಂತೆ ಮಾಡಿದ್ದು ಹನ್ನೆರಡಕ್ಕನ ತಪ್ಪು. ಹದಿಮೂರು ವರ್ಷದ ಕೆಲಸದಲ್ಲಿ ಅವಳು ಮಾಡಿದ ಒಂದೇ ತಪ್ಪು.

"ಆರು," ನಲವತ್ತೊಂದು ಓದಿದಳು. "ಕನ್ನಡಕ ಮಾಡುವವನು. ಇಪ್ಪತ್ನಾಲ್ಕು. ಕಾಲಿಗೆ ಪಟ್ಟಿ. ಗದ್ದದ ಕೆಳಗೆ ಮೂರು ಹೊಲಿಗೆ, ಅಕ್ಕ ಹಾಕಿದ ರುಜು ಅಂತಾನೆ."

ಅವನಿಗೆ ಐದು, ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಉಯ್ಯಾಲೆಯನ್ನು ಜೋರಾಗಿ ತೂಗಿ ಬೀಳಿಸಿದ್ದಳು. ಗದ್ದ ಸೀಳಿತ್ತು. ಅವತ್ತಿನಿಂದ ಬಂದವರಿಗೆಲ್ಲ ಗದ್ದ ಎತ್ತಿ ತೋರಿಸಿ, ಇದು ನಮ್ಮಕ್ಕ ಹಾಕಿರೋ ರುಜು ಎಂದು ಅವಳ ಮಾನ ಕಳೆಯುವುದು ಅವನ ಕಸುಬಾಗಿತ್ತು.

ಸಾಲು ತಿರುಗಿ ಹೇಳಬೇಕಾಗಿತ್ತು. ಅವಳ ಗಂಟಲು ಕಟ್ಟಿತು. ತುಟಿ ಅಲುಗಿದರೂ ಗಾಳಿ ಕೂಡ ಹೊರಡಲಿಲ್ಲ. ನಲವತ್ತೊಂದು ಎರಡನೇ ಸಲ ಓದಿದಳು. ಹನ್ನೆರಡಕ್ಕನಿಗೆ ನಿಯಮ ಗೊತ್ತಿತ್ತು. ಮೂರನೇ ಸಲಕ್ಕೂ ಉತ್ತರ ಬರದಿದ್ದರೆ ಆಚೆಯವಳು ಪ್ಲಗ್ಗು ಕೀಳಲೇಬೇಕು, ಪುಸ್ತಕದಲ್ಲಿ ಕೆಟ್ಟಿದೆ ಎಂದು ಬರೆಯಲೇಬೇಕು. ಕೆಟ್ಟ ಲೈನನ್ನು ಯುದ್ಧದ ನಡುವೆ ಸರಿಮಾಡಲು ಯಾರೂ ಹೊಳೆ ದಾಟುವುದಿಲ್ಲ. ತಮ್ಮ ಸಿಕ್ಕಿದ ಸಂತೋಷಕ್ಕೆ ನೂರ ಹನ್ನೆರಡು ಮಂದಿಯ ಬಾಗಿಲು ಮುಚ್ಚಿಹೋಗುತ್ತದೆ. ಎಲ್ಲ ಗೊತ್ತಿದ್ದೂ ಅವಳ ಬಾಯಿ ಏಳಲಿಲ್ಲ. ಮೂರನೇ ಸಲ ಓದುವಾಗ ನಲವತ್ತೊಂದರ ದನಿಯೂ ಒಡೆದಿತ್ತು. ಮೂಲೆಯಲ್ಲಿ ಕಿವಿಯಪ್ಪ ಕುರ್ಚಿ ಸರಿಸಿ ಎದ್ದ.

ಬೆನ್ನ ಹಿಂದಿನಿಂದ ಒಂದು ಕೈ ಬಂದು ಅವಳ ಹೆಡ್‌ಫೋನನ್ನು ಕಿತ್ತುಕೊಂಡಿತು. ದೊಡ್ಡಮ್ಮ ಬಗ್ಗಿ, ಮೌತ್‌ಪೀಸಿಗೆ ಬಾಯಿಟ್ಟು, ಆದೇಶ ಓದುವ ಅದೇ ಒಣದನಿಯಲ್ಲಿ ಹೇಳಿದರು: "ಆರು. ಕನ್ನಡಕ ಮಾಡುವವನು. ಇಪ್ಪತ್ನಾಲ್ಕು. ಕಾಲಿಗೆ ಪಟ್ಟಿ. ಗದ್ದದ ಕೆಳಗೆ ಮೂರು ಹೊಲಿಗೆ, ಅಕ್ಕ ಹಾಕಿದ ರುಜು ಅಂತಾನೆ. ಹನ್ನೆರಡರ ಗಂಟಲು ಕಟ್ಟಿದೆ. ಲೈನು ಸರಿಯಾಗಿದೆ. ಮುಂದೆ ಓದಿ."

ಅಂದರೆ ಇಷ್ಟು ದಿನ ಅವರು ಹೆಡ್‌ಫೋನಿನಿಂದ ಸೋರುವ ದನಿಯನ್ನೆಲ್ಲ ಕೇಳಿಸಿಕೊಂಡೇ ಓಡಾಡುತ್ತಿದ್ದರು.

ಕಿವಿಯಪ್ಪ ಬಂದು ಇದೆಂಥ ಪಾಠ, ಯಾರು ಬರೆದುಕೊಟ್ಟದ್ದು ಎಂದು ವಿಚಾರಿಸಿದ. ದೊಡ್ಡಮ್ಮ ಕಂಕುಳಿನ ಪುಸ್ತಕ ತೆಗೆದು ಪುಟ ತಿರುವಿ ತೋರಿಸಿದರು. ಪಾಠ ಆಯಾ ಎಕ್ಸ್‌ಚೇಂಜಿನ ಆಯ್ಕೆ. ಹೆಸರಿದೆಯೇ? ಇಲ್ಲ. ಊರಿದೆಯೇ? ಇಲ್ಲ. ಟೆಸ್ಟನ್ನೇ ನಿಲ್ಲಿಸಿ ಎಂದು ಅವನು ಗುಡುಗಿದ. ಆಗಬಹುದು, ಆದರೆ ಬರವಣಿಗೆಯಲ್ಲಿ ಕೊಡಿ, ನಿಮ್ಮ ಮೇಲಿನವರ ಸಹಿಯೊಂದಿಗೆ, ಮೂರು ಪ್ರತಿ ಎಂದರು ದೊಡ್ಡಮ್ಮ. ಅವನು ಬರೆದ. ಕಡತ ಮೇಜಿನಿಂದ ಮೇಜಿಗೆ ಹತ್ತುತ್ತ, ಅಲ್ಲೊಬ್ಬ ರಜೆಯಲ್ಲಿದ್ದು ಇಲ್ಲೊಬ್ಬನಿಗೆ ವರ್ಗವಾಗಿ, ನಾಲ್ಕು ತಿಂಗಳಾದರೂ ಸುತ್ತುತ್ತಲೇ ಇತ್ತು. ಆ ನಾಲ್ಕು ತಿಂಗಳೂ ಒಂಬತ್ತಕ್ಕೆ ಹತ್ತು ಸಾಲು ಹೋದವು, ಹತ್ತು ಸಾಲು ಬಂದವು.

ಅವತ್ತು ಮನೆಗೆ ಹೋದ ಹನ್ನೆರಡಕ್ಕ ಅಮ್ಮನಿಗೆ, ಕನ್ನಡಕ ರಿಪೇರಿಗೆ ಇನ್ನು ಸ್ವಲ್ಪ ದಿನ ಕಾಯಬೇಕು ಎಂದಷ್ಟೇ ಹೇಳಿದಳು. ಅಮ್ಮ ಅವಳ ಮುಖವನ್ನೇ ನೋಡಿ, ದಾರ ಕಟ್ಟಿದ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡರು.

ಎರಡೂ ದಡದ ಕಚೇರಿಗಳ ಮುಂದೆ ಹೆಂಗಸರು ಹೆಚ್ಚುತ್ತ ಹೋದರು. ಬೇರೆ ಊರಿನವರು ಸೇರಿದರು, ಮಗನೂ ಗಂಡನೂ ಸೇನೆಯಲ್ಲಿಲ್ಲದವರು ಸೇರಿದರು. ಕೊನೆಗೊಂದು ದಿನ, ಇಲ್ಲದ ಸೆರೆಯಾಳುಗಳನ್ನು ಅದಲುಬದಲು ಮಾಡಿಕೊಳ್ಳಲು ಎರಡೂ ಸರ್ಕಾರಗಳು ಒಪ್ಪಿದವು. ಬೆಳಗ್ಗೆ ಒಂಬತ್ತಕ್ಕೆ, ಸೇತುವೆಯ ಮೇಲೆ. ಮುತ್ಸದ್ದಿತನಕ್ಕೆ ಸಂದ ಜಯ ಎಂದು ಪತ್ರಿಕೆಗಳು ಬರೆದವು.

ಹನ್ನೆರಡಕ್ಕ ಮೊದಲ ಸಲ ರಜೆ ಕೇಳಿದಳು. ತಮ್ಮನನ್ನು ಕರೆದುಕೊಳ್ಳುವುದರ ಜೊತೆಗೆ ಅವಳಿಗೆ ಇನ್ನೊಂದು ಆಸೆಯಿತ್ತು. ಆಚೆ ಕಡೆಯ ಜನಜಂಗುಳಿಯಲ್ಲಿ ನಲವತ್ತೊಂದು ಬಂದಿರುತ್ತಾಳೆ, ದನಿ ಕೇಳಿದರೆ ಸಾಕು, ಸಾವಿರ ಜನರ ನಡುವೆಯೂ ಗುರುತು ಹಿಡಿದು ಅವಳ ಎರಡು ಕೈ ಹಿಡಿದುಕೊಳ್ಳುತ್ತೇನೆ.

ಆಚೆಯಿಂದ ಗಂಡಸರು ಒಬ್ಬೊಬ್ಬರಾಗಿ ನಡೆದು ಬಂದರು. ತಮ್ಮ ಕುಂಟುತ್ತ ಬಂದ, ಅರ್ಧದಷ್ಟಾಗಿದ್ದ. ಏನು ಹೇಳಲೂ ತೋಚದೆ ಅಕ್ಕನ ಮುಂದೆ ನಿಂತು ಗದ್ದ ಎತ್ತಿದ. ಅವಳು ಆ ಮೂರು ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟಳು. ಅಮ್ಮ ಹಿಂದಿನಿಂದ ಬಂದು, ಬೈಯುವವರಂತೆ ಮುಖ ಮಾಡಿಕೊಂಡು, ಮುರಿದ ಕನ್ನಡಕವನ್ನು ಅವನ ಕೈಯಲ್ಲಿಟ್ಟರು.

ಆಮೇಲೆ ಹನ್ನೆರಡಕ್ಕ ಸೇತುವೆಯ ನಡುವೆ ಹಗ್ಗ ಕಟ್ಟಿದ ಕಡೆಯವರೆಗೂ ಹೋಗಿ ಆಚೆಯ ಹೆಂಗಸರ ಮಾತಿಗೆ ಕಿವಿಗೊಟ್ಟು ನಿಂತಳು. ನೂರು ದನಿಗಳು. ಅದಿಲ್ಲ. ಒಬ್ಬಳನ್ನು ಕೇಳಿಯೇಬಿಟ್ಟಳು, ಎಕ್ಸ್‌ಚೇಂಜಿನ ನಲವತ್ತೊಂದು ಬಂದಿಲ್ಲವೇ ಎಂದು. ಆ ಹೆಂಗಸು ಇವಳನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು.

"ಅವಳು ಹೆಂಗೆ ಬರ್ತಾಳಮ್ಮ? ಒಂಬತ್ತಕ್ಕೆ ಟೆಸ್ಟ್ ಇರುತ್ತಲ್ಲ."

ಇಷ್ಟು ವರ್ಷ ಒಂಬತ್ತು ಗಂಟೆಯನ್ನು ಜೊತೆಯಲ್ಲಿ ಕಾದವಳು ತಾನು, ಇದೇ ಹೊಳೆಯಲಿಲ್ಲವಲ್ಲ! ಸೇತುವೆಯ ಈಚೆ ತುದಿಯಲ್ಲಿ ಸುಂಕದ ಗುಡಿಸಲಿತ್ತು, ಅದರಲ್ಲೊಂದು ಫೋನಿತ್ತು. ಕಾವಲಿನವನನ್ನು ಕಾಡಿ ಬೇಡಿ ಎತ್ತಿಕೊಂಡಳು. ಎಕ್ಸ್‌ಚೇಂಜಿನಲ್ಲಿ ಹನ್ನೆರಡನೇ ಬೋರ್ಡಿನಲ್ಲಿ ಅವತ್ತು ದೊಡ್ಡಮ್ಮನೇ ಕೂತಿದ್ದರು.

"ದೊಡ್ಡಮ್ಮ, ನಾನು. ನಲವತ್ತೊಂದಕ್ಕೆ ಒಂದೇ ಒಂದು ನಿಮಿಷ ಕೊಡ್ತೀರಾ?"

"ನೀನು ಇವತ್ತು ರಜೆ. ರಜೆಯಲ್ಲಿರೋರು ಚಂದಾದಾರರು. ಆಚೆಗೆ ಚಂದಾದಾರರ ಕರೆ ಕೊಡಬಾರದು ಅನ್ನೋ ಆದೇಶ ಇನ್ನೂ ವಾಪಸ್ ತಗೊಂಡಿಲ್ಲ." ಪುಸ್ತಕದ ಪುಟ ಸರಿಯುವ ಸದ್ದು ಕೇಳಿಸಿತು. ಬಳಿಕ ದೊಡ್ಡಮ್ಮ ಒಂದು ಸುಳ್ಳು ಕೆಮ್ಮು ಕೆಮ್ಮಿದರು. "ಟೆಸ್ಟ್ ಇನ್ನೂ ಮುಗಿಸಿಲ್ಲ. ನಂಗೆ ಗಂಟಲು ಕಟ್ಟಿದೆ. ನಮ್ಮ ಹತ್ತು ಸಾಲು ನೀನೇ ಓದು."

ಪ್ಲಗ್ಗು ಸಿಕ್ಕಿಸಿದ ಟಿಕ್ ಸದ್ದು. ಆಚೆ ಉಸಿರು.

ಕೈಯಲ್ಲಿ ಓದಲು ಒಂದು ಚೂರು ಕಾಗದವಿಲ್ಲ. ಗುಡಿಸಲಿನ ಕಿಟಕಿಯಿಂದ ಕಂಡದ್ದನ್ನೇ ಓದಿದಳು. ಒಂದು, ಕನ್ನಡಕ ಮಾಡುವವನು, ಸೇತುವೆ ದಾಟಿದ. ಎರಡು, ಬಡಗಿ, ಹೆಂಡತಿ ಅವನ ನಾಲ್ಕು ಬೆರಳನ್ನೂ ಬಿಡುತ್ತಿಲ್ಲ. ಮೂರು, ಮೇಷ್ಟ್ರು, ಕೆಮ್ಮುತ್ತಿದ್ದಾರೆ, ನಗುತ್ತಲೂ ಇದ್ದಾರೆ. ನಾಲ್ಕು, ಎಡಗೈ ಗುಮಾಸ್ತ, ನಿಮ್ಮ ಕಡೆಗೆ ಹೊರಟ, ತಿರುಗಿ ನೋಡಿ ಎಡಗೈಯೆತ್ತಿದ. ಹೀಗೆ ಎಂಟು. ನಲವತ್ತೊಂದು ಒಂದೊಂದನ್ನೂ ತಿರುಗಿ ಹೇಳಿದಳು.

"ಒಂಬತ್ತು," ಅಂದಳು ಹನ್ನೆರಡಕ್ಕ. "ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯೋದಿಲ್ಲ."

"ಒಂಬತ್ತು," ಅಂದಳು ನಲವತ್ತೊಂದು. "ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯೋದಿಲ್ಲ."

ನಿಯಮದಂತೆ ಹೇಳಿದಳೋ, ತನ್ನದೇ ಮಾತಾಗಿ ಹೇಳಿದಳೋ. ಎರಡೂ ಒಂದೇ ಆಗಿತ್ತು. ಹನ್ನೆರಡಕ್ಕ ಹತ್ತನೆಯದಕ್ಕೆ ಬಾಯಿ ತೆರೆದವಳು ಕಿಟಕಿಯಾಚೆ ನೋಡಿ ನಿಲ್ಲಿಸಿದಳು. ಲಾಂಡ್ರಿಯಾಕೆ ಸೇತುವೆಯ ಕಂಬಿಗೆ ಒರಗಿ, ದಾಟಿ ಬಂದ ಪ್ರತಿಯೊಬ್ಬನ ಅಂಗಿಯನ್ನೂ ನೋಡುತ್ತ ನಿಂತಿದ್ದಳು. ಕೊನೆಯವನೂ ದಾಟಿ ಆಗಿತ್ತು. ಎದೆಯ ಮೇಲಿನ ಚೀಟಿ ಇನ್ನೂ ಖಾಲಿ. ಹನ್ನೆರಡಕ್ಕ ಅವಳನ್ನು ಕೂಗಿ ಕರೆದು, ಫೋನನ್ನು ಕೈಗಿತ್ತಳು. ಬಟ್ಟೆ ನೋಡಿ ಹೇಳುತ್ತಿದ್ದವರು ಇವರೇ, ಹತ್ತನೇ ಸಾಲು ಇವರದು ಎಂದು ಆಚೆಗೆ ಕೇಳುವಂತೆ ಹೇಳಿದಳು.

ಲಾಂಡ್ರಿಯಾಕೆ ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಹತ್ತು," ಅಂದಳು. "ಲಾರಿ ಕ್ಲೀನರ್. ಹತ್ತೊಂಬತ್ತು. ನೀಲಿ ಅಂಗಿ. ಎರಡನೇ ಗುಂಡಿ ಮಾತ್ರ ಬಿಳೀದು, ನಾನೇ ಹಾಕಿದ್ದು. ತೋಳು ಉದ್ದ ಆಗುತ್ತೆ, ಬೆಳೀತಾನೆ ಅಂತ ಹಂಗೇ ಬಿಟ್ಟಿದ್ದೆ."

ಆಚೆಯಿಂದ ಸಾಲು ತಿರುಗಿ ಬಂತು. ಹತ್ತು. ಲಾರಿ ಕ್ಲೀನರ್. ಹತ್ತೊಂಬತ್ತು. ನೀಲಿ ಅಂಗಿ. ಎರಡನೇ ಗುಂಡಿ ಮಾತ್ರ ಬಿಳೀದು, ನಾನೇ ಹಾಕಿದ್ದು. ತೋಳು ಉದ್ದ ಆಗುತ್ತೆ, ಬೆಳೀತಾನೆ ಅಂತ ಹಂಗೇ ಬಿಟ್ಟಿದ್ದೆ. ಲಾಂಡ್ರಿಯಾಕೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆ ಕಚೇರಿಯ ಕಿಟಕಿಯಲ್ಲಿ ಏಳು ತಿಂಗಳು ಹೇಳಿದ್ದನ್ನು ಯಾರೂ ಒಮ್ಮೆಯೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ.

"ಒಂದು ಮಾತೂ ಬಿಟ್ಟಿಲ್ಲ ಕಣೇ ಇವಳು," ಅಂದಳು ಹನ್ನೆರಡಕ್ಕನಿಗೆ. ಆಮೇಲೆ ಫೋನಿಗೆ, "ಒಳ್ಳೇದಾಗ್ಲಿ ತಾಯಿ ನಿಂಗೆ," ಎಂದು ಅದನ್ನು ಮೆಲ್ಲಗೆ ಇಟ್ಟಳು.

ಯುದ್ಧ ಇನ್ನೂ ಮುಗಿದಿರಲಿಲ್ಲ. ಗಂಡಸರು ಮನೆಗೆ ಬಂದ ಮೇಲೂ ಆ ಹೆಂಗಸರು ಮನೆಯಲ್ಲಿ ಕೂರಲಿಲ್ಲ. ಬಡಗಿಯ ಹೆಂಡತಿ ಮರುದಿನವೇ ಹೊಸ ಚೀಟಿ ಚುಚ್ಚಿಕೊಂಡು ಬಂದು ಲಾಂಡ್ರಿಯಾಕೆಯ ಪಕ್ಕ ನಿಂತಳು. ಅದರಲ್ಲಿ ನಿಲ್ಲಿಸಿ ಎಂದು ಮಾತ್ರ ಇತ್ತು. ಮುಂದೆ ಬಹಳ ವರ್ಷ, ಎಲ್ಲೆಲ್ಲಿ ಯುದ್ಧದ ಮಾತು ಎದ್ದರೂ ಆ ಚೀಟಿಯ ಹೆಂಗಸರು ಬಂದು ನಿಲ್ಲುವುದನ್ನು ಜನ ಕಂಡರು. ಅವರು ನಿಲ್ಲಲು ಕಲಿತದ್ದು ಎಲ್ಲಿ ಎಂದು ಬಹಳ ಮಂದಿಗೆ ಗೊತ್ತಿಲ್ಲ.

ಆ ಮರುದಿನದ ಬೆಳಗ್ಗೆ ಹನ್ನೆರಡಕ್ಕ ತನ್ನ ಕುರ್ಚಿಯಲ್ಲಿದ್ದಳು. ಗಂಟಲು ಸರಿಹೋದ ದೊಡ್ಡಮ್ಮ ಅವಳ ಬೆನ್ನ ಹಿಂದಿದ್ದರು. ಗಡಿಯಾರ ಒಂಬತ್ತು ತೋರಿಸಿತು.

"ಒಂದು," ಓದಿದಳು ನಲವತ್ತೊಂದು. "ನೀಲಿ ಅಂಗಿ. ಎರಡನೇ ಗುಂಡಿ ಬಿಳೀದು. ಹುಡುಕುತ್ತಿದ್ದೇವೆ."

ಹನ್ನೆರಡಕ್ಕ ತಿರುಗಿ ಹೇಳಿದಳು. ಮಧ್ಯಾಹ್ನ ಬೀದಿ ದಾಟಿ ಹೋಗಿ, ಲಾಂಡ್ರಿಯಾಕೆಯ ಎದೆಯ ಚೀಟಿಯನ್ನು ಬಿಚ್ಚಿಕೊಂಡು, ಡಬ್ಬಿಯ ಮುಚ್ಚಳದ ಮೇಲಿಟ್ಟು, ಅದೇ ಸಾಲನ್ನು ಬರೆದುಕೊಟ್ಟಳು.